ಯಂತ್ರಕ್ಕೆ ಹೊಲಿದ ಅಂಗಿ

ಇಕಿಕೆ, ಏಪ್ರಿಲ್ 4, 2023

ತಿತೊ,

ಈ ಕಾಗದ ಬರೆಯುತ್ತಿರುವವಳು ಎರ್ಮೆಲಿಂದಾ ಒಸ್ಸಾಂದೊನ್. ಮೀನುದೋಣಿಯ ರಿಗೊಬೆರ್ತೊ ವೇಯಾಸನ ಹೆಂಡತಿ, ಈಗ ಅವನ ವಿಧವೆ. ಈ ಓಣಿಯಲ್ಲಿ ಮೊದಲು ಗೋಡೆ ಎಬ್ಬಿಸಿದವಳು, ಮೊದಲು ನಲ್ಲಿ ಹಾಕಿಸಿದವಳು, ಹೈಸ್ಕೂಲು ಪೂರ್ತಿ ಓದಿದವಳು, ನಿನಗೆ ಎವಾರಿಸ್ತೊ ಎಂದು ಹೆಸರಿಟ್ಟವಳು. ಜುಲೈ ಹಬ್ಬದಲ್ಲಿ ದೇವಮಾತೆಯ ಮುಂದೆ ಕುಣಿಯುವ ಮೂರು ತಂಡಗಳ ಉಡುಪು ನನ್ನ ಕೈಯಿಂದಲೇ ಆಗಬೇಕು. ಇದನ್ನೆಲ್ಲ ಯಾಕೆ ಬರೆದೆನೆಂದರೆ ನಿನಗೆ ಮರೆತುಹೋದಂತಿದೆ. ನೆನಪಿದ್ದಿದ್ದರೆ ನೊಲ್ಫಾಳ ಬಾಯಲ್ಲಿ ನನಗೆ ಅಪ್ಪಣೆ ಕಳಿಸುತ್ತಿರಲಿಲ್ಲ.

ಬುಧವಾರ ಮೇಲಿನ ಜೈಲಿನಲ್ಲಿರುವ ತನ್ನ ಗಂಡನನ್ನು ನೋಡಿಕೊಂಡು ಗುಡ್ಡ ಇಳಿದವಳು ನೇರ ನಮ್ಮ ಮನೆಗೆ ಬಂದಳು. "ಅಕ್ಕಾ, ನಿಮ್ಮ ಮಗ ಜೈಲಲ್ಲಿ ಸಿಕ್ಕಿದ್ದ. ಕಂಪ್ಯೂಟರ್ ಮಾರಿಬಿಡೋಕೆ ಹೇಳಿ ಅಂದ. ಮುದಿಯಾಯ್ತಂತೆ ಅದು."

"ಮುದಿಯಾಗಿದ್ದನ್ನೆಲ್ಲ ಮಾರೋದಾದ್ರೆ ಮೊದಲು ನನ್ನ ಮಾರಬೇಕು" ಅಂದೆ.

"ನಿಮ್ಮನ್ನ ಯಾರು ಕೊಳ್ತಾರೆ ಅಕ್ಕಾ, ಮನೆಗೆ ಒಯ್ದ ದಿನವೇ ಅವರನ್ನೇ ಹೊರಗೆ ಹಾಕ್ತೀರಿ" ಅಂದಳು. ಅವಳ ನಾಲಿಗೆ ಹಾಗೆ. ಆದರೂ ನೀನು ಎಲ್ಲಿದ್ದೀಯೆಂದು ಓಣಿಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ, ಮತ್ತು ಅವಳು ಬಾಯಿ ಬಿಟ್ಟಿಲ್ಲ. ಉಳಿದವರಿಗೆ ನೀನು ದಕ್ಷಿಣದಲ್ಲಿ, ಮೀನಿನ ಕಾರ್ಖಾನೆ ಇರುವ ದೊಡ್ಡ ಹಡಗಿನಲ್ಲಿ ಇದ್ದೀಯ. ಎದುರುಮನೆ ಪ್ರೊಸ್ಪೆರಿನಾ "ಅಷ್ಟು ದಿನ ನೀರಿನ ಮೇಲೇನಾ?" ಎಂದು ಕೇಳುತ್ತಲೇ ಇರುತ್ತಾಳೆ. "ದೊಡ್ಡ ಹಡಗು" ಅನ್ನುತ್ತೇನೆ.

ಯಂತ್ರ ಮಾರುವುದಿಲ್ಲ. ನಿನ್ನಪ್ಪನನ್ನು ಸಮುದ್ರ ನುಂಗಿದ ವರ್ಷ ನೀನೂ ದೋಣಿ ಹತ್ತುತ್ತೇನೆ ಎಂದು ಹಟ ಹಿಡಿದೆ. ನಾನು ಮಾರನೆಯ ದಿನವೇ ಸುಂಕವಿಲ್ಲದ ಫ್ರೀ ಜೋನಿನ ಅಂಗಡಿಗೆ ಹೋಗಿ ಆ ಪೆಟ್ಟಿಗೆ ತಂದೆ. ಅದು ನಿನ್ನನ್ನು ಹತ್ತು ವರ್ಷ ಆ ಕೋಣೆಯಲ್ಲಿ ಜೀವಂತ ಇಟ್ಟಿತು. ಮೊದಲ ಸಲ ಕೆಲಸವೆಂದು ನೀನು ಹೊರಗೆ ಹೋದೆ, ಸ್ನೇಹಿತನ ವ್ಯಾನು ಓಡಿಸಿದೆ, ಹಿಂದೆ ಯಾವ ಡಬ್ಬಿಗಳಿವೆ ಎಂದು ತೆರೆದೂ ನೋಡಲಿಲ್ಲ. ಪೊಲೀಸರು ತೆರೆದು ನೋಡಿದರು, ಕಳ್ಳಸಾಗಣೆಯ ಮಾಲು.

ಶರತ್ತಿನ ಮೇಲೆ ನಿನ್ನನ್ನು ಬಿಡುವುದಾದರೆ ಇರಲು ವಿಳಾಸ ಬೇಕು ಎಂದು ಸಮಾಜ ಇಲಾಖೆಯ ಹುಡುಗಿ ಬಂದಿದ್ದಳು. ಈ ಮನೆಯ ವಿಳಾಸಕ್ಕೆ ಸಹಿ ಹಾಕಿ ಕಳಿಸಿದ್ದೇನೆ. ಉತ್ತರದ ಅರಿಕಾ ಊರಿನ ಆ ಯಾಸ್ನಾ ನಿನಗೆ ಕಾಗದ ಬರೆಯುತ್ತಾಳಂತೆ. ಮಗು ಕಟ್ಟಿಕೊಂಡ ಹೆಂಗಸು, ಬರೆಯಲಿ. ಬರೆಯುವುದರಿಂದ ಯಾರೂ ಸೊಸೆಯಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಯಂತ್ರ ಹಚ್ಚಿದ ಅರ್ಧ ಗಂಟೆಗೆ ತಾನಾಗಿ ಆರಿಹೋಗುತ್ತಿದೆ. ನೀನು ಬರುವ ಹೊತ್ತಿಗೆ ಅದು ಹೊಸದರ ಹಾಗಿರಬೇಕು. ಯಾವ ಭಾಗ ಬದಲಿಸಬೇಕೆಂದು ಬರೆ. ನಾನು ತರುತ್ತೇನೆ.

ಚೀಲದಲ್ಲಿ ಚುಂಬೇಕೆ ಸಿಹಿ ಬಿಸ್ಕತ್ತು ಇದೆ, ಪೇರಳೆಯದು. ಕಾವಲಿನವರು ಮುರಿದು ನೋಡಿದ್ದರೂ ತಿನ್ನು.

ನಿನ್ನ ತಾಯಿ

*

ಮೇಲಿನಿಂದ, ನಾಲ್ಕನೇ ಬ್ಲಾಕು, ಏಪ್ರಿಲ್ 19

ಅಮ್ಮಾ,

ಚುಂಬೇಕೆ ಪುಡಿಯಾಗಿ ಬಂತು. ಪುಡಿಯನ್ನೇ ಆರು ಜನ ತಿಂದೆವು.

ನೀವು ಅಂದ ಹಾಗೆ ನಾನು ಅಪ್ಪಣೆ ಕೊಟ್ಟದ್ದಲ್ಲ. ಆ ಯಂತ್ರದ ಮೇಲೆ ಇನ್ನು ಕೈಯಿಂದ ದುಡ್ಡು ಹಾಕಬೇಡಿ ಅನ್ನಿಸಿತು, ಅಷ್ಟೆ. ನೀವು ಹೊಲಿಗೆಯವರು, ಹೀಗೆ ಹೇಳಿದರೆ ತಿಳಿಯುತ್ತದೆ: ಹಳೇ ಕೋಟಿಗೆ ಹೊಸ ತೋಳು ಕೂರಿಸಿದರೆ ಹರಿಯುವುದು ತೋಳಲ್ಲ, ಮೈ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಹೊಸದು ಹಾಕಿದಿರಿ ಎನ್ನಿ. ಅದಕ್ಕೆ ಕರೆಂಟು ಹೆಚ್ಚು ಬೇಕು, ಹಳೇ ಪವರ್ ಸಪ್ಲೈ ತಾಳುವುದಿಲ್ಲ. ಅದನ್ನೂ ಬದಲಿಸಿದರೆ ಪ್ರೊಸೆಸರು ಹಿಂದೆ ಬೀಳುತ್ತದೆ, ಹೊಸ ಕಾರ್ಡು ಕೆಲಸವಿಲ್ಲದೆ ಕೈಕಟ್ಟಿ ನಿಂತಿರುತ್ತದೆ. ಪ್ರೊಸೆಸರು ಹೊಸದು ಬೇಕೆಂದರೆ ಈ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ. ಬೋರ್ಡು ಬದಲಿಸಿದರೆ ಹಳೇ ರ್‍ಯಾಮ್ ಅದಕ್ಕೆ ಹೊಂದುವುದಿಲ್ಲ. ಕೊನೆಗೆ ಹಳೆಯದೆಂದು ಉಳಿಯುವುದು ತಗಡಿನ ಪೆಟ್ಟಿಗೆ ಒಂದೇ.

ಏನಾದರೂ ಹಾಕಲೇಬೇಕೆಂದರೆ ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿಸಿ. ಅದೊಂದು ಯಾರಿಗೂ ತೊಂದರೆ ಕೊಡುವುದಿಲ್ಲ, ಯಂತ್ರ ಬೇಗ ಏಳುತ್ತದೆ. ಉಳಿದದ್ದು ಬೇಡ.

ಆದರೆ ಆರಿಹೋಗುವುದು ನನಗೆ ಅರ್ಥವಾಗುತ್ತಿಲ್ಲ. ನಾನಿದ್ದಾಗ ಅದು ದಿನಗಟ್ಟಲೆ ಓಡುತ್ತಿತ್ತು. ಅರ್ಧ ಗಂಟೆಗೆ ಆರುತ್ತದೆಂದು ನಿಮಗೆ ಹೇಗೆ ಗೊತ್ತು? ಯಾರು ಹಚ್ಚುತ್ತಾರೆ?

ಬಿಡುಗಡೆಯ ವಿಚಾರಣೆ ಆಗಸ್ಟಿನಲ್ಲಿ ಅನ್ನುತ್ತಾರೆ. ಆ ಕೋಣೆಯ ಬಗ್ಗೆ ಯೋಚನೆ ಬರುತ್ತಿರುತ್ತದೆ. ಮುಂದೆ ಬರೆಯುತ್ತೇನೆ.

ಒಂದು ಸಲ ಬಂದು ಹೋಗಿ ಅಮ್ಮಾ. ಭಾನುವಾರ ಗಾಜಿಲ್ಲದೆ ಮಾತಾಡಲು ಬಿಡುತ್ತಾರೆ.

ನಿಮ್ಮ ತಿತೊ

*

ಇಕಿಕೆ, ಮೇ 6

ತಿತೊ,

ಬರುವುದಿಲ್ಲ. ಬಾಗಿಲಲ್ಲಿ ಹೆಂಗಸರ ಮೈ ತಡವಿ ಒಳಗೆ ಬಿಡುತ್ತಾರೆಂದು ನೊಲ್ಫಾ ಹೇಳಿದ್ದಾಳೆ. ನನ್ನ ಮೈ ಮುಟ್ಟಿದವನು ಒಬ್ಬನೇ, ಅವನು ಸಮುದ್ರದ ತಳದಲ್ಲಿದ್ದಾನೆ. ಆ ಮಾತು ಅಲ್ಲಿಗೆ ಮುಗಿಯಿತು.

ಯಂತ್ರವನ್ನು ನಾನೇ ಆಗಾಗ ಹಚ್ಚಿ ನೋಡುತ್ತೇನೆ, ಧೂಳು ಕೂರದಿರಲಿ ಎಂದು. ಬೇರೆ ಯಾರು ಹಚ್ಚುತ್ತಾರೆ?

ಕರೆಂಟಿನ ಭಾಗದ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಆರಿಹೋಗುವ ದೀಪಕ್ಕೆ ಕರೆಂಟು ಸಾಲದೆಂದೇ ಅರ್ಥ, ಇದಕ್ಕೆ ವಿದ್ಯೆ ಬೇಡ. ಫ್ರೀ ಜೋನಿಗೆ ಹೋದೆ. ಅಂಗಡಿಯಲ್ಲಿ ಉಗುರಿಗೆ ನೀಲಿ ಬಣ್ಣ ಬಳಿದುಕೊಂಡ ಹೆಂಗಸೊಬ್ಬಳು.

"ಮೊಮ್ಮಗನಿಗಾ ಅಜ್ಜೀ? ಇದು ತಗೊಳ್ಳಿ, ಏಳು ಬಣ್ಣದ ಲೈಟ್ ಬರುತ್ತೆ."

"ಅಜ್ಜಿ ಅಂತ ನಿನ್ನ ಅಜ್ಜಿಗೆ ಹೇಳು. ಬಣ್ಣದ ಲೈಟ್ ಬೇಕಿದ್ರೆ ಕ್ರಿಸ್‌ಮಸ್ ಮರ ಕೊಳ್ತಿದ್ದೆ. ಪವರ್ ಸಪ್ಲೈ ಕೊಡು, ಒಳ್ಳೇದು."

"ಎಷ್ಟು ವಾಟ್ ಬೇಕು?"

"ಸಾಕಾಗೋಷ್ಟು."

ಕೊನೆಗೆ ಅವಳು ಮರ್ಯಾದೆಯಿಂದ 'ಸೆನ್ಯೋರಾ' ಎಂದೇ ಮಾತಾಡಿದಳು, ಅಂಗಡಿಯವನೊಬ್ಬನನ್ನು ಮನೆಗೆ ಕಳಿಸಿ ಜೋಡಿಸಿಕೊಟ್ಟಳು. ಅವನಿದ್ದಾಗ ಯಂತ್ರ ಗುಂಯ್ ಎಂದು ಓಡಿತು. ಅವನು ಹೋದ ಮೇಲೆ ಎಲ್ಲವನ್ನೂ ಮೊದಲಿನಂತೆ ಓರಣ ಮಾಡಿ ಕೂತೆ. ಅರ್ಧ ಗಂಟೆಗೆ ಆರಿತು.

ಕೋಣೆಯ ಯೋಚನೆ ಬರುತ್ತದೆ ಎಂದು ಬರೆದಿದ್ದೀಯ. ಬರಲಿ. ಕೋಣೆ ನೀನು ಬಿಟ್ಟಂತೆಯೇ ಇದೆ. ಓಣಿಯಲ್ಲಿ ಕಳ್ಳತನ ಹೆಚ್ಚಾಗಿದೆಯೆಂದು ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿದ್ದೇನೆ, ಒತ್ತೊತ್ತಾಗಿ. ಈಗ ಒಳಗೆ ಬೆಕ್ಕೂ ನುಗ್ಗುವುದಿಲ್ಲ. ಬಾಗಿಲಿಗೂ ಹೊಸ ಬೀಗ. ನೀನು ಬಂದ ಮೇಲೆ ಹೊರಗಿನ ಗೊಡವೆಯೇ ಬೇಡ. ಊಟ ಅಲ್ಲಿಗೇ ತಂದಿಡುತ್ತೇನೆ, ಮೊದಲಿನ ಹಾಗೆ.

ತಾಯಿ

*

ನಾಲ್ಕನೇ ಬ್ಲಾಕು, ಮೇ 28

ಅಮ್ಮಾ,

ದಯವಿಟ್ಟು ಇನ್ನೇನೂ ಕೊಳ್ಳಬೇಡಿ.

ಆರುವ ಮೊದಲು ಸದ್ದು ಜೋರಾಗುತ್ತದೆಯೇ? ಪೆಟ್ಟಿಗೆ ಮುಟ್ಟಿದರೆ ಬಿಸಿ ಇರುತ್ತದೆಯೇ? ಅಂಗಡಿಯವನಿದ್ದಾಗ ಓಡಿದ ಯಂತ್ರ ಅವನು ಹೋದ ಮೇಲೆ ಯಾಕೆ ಆರಬೇಕು?

ಧೂಳಿಗೆಂದು ಹಚ್ಚುವವರು ಅರ್ಧ ಗಂಟೆ ಕೂರುವುದಿಲ್ಲ. ನೀವು ಯಾವುದನ್ನೂ ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕೂತದ್ದನ್ನು ನಾನು ಕಂಡಿಲ್ಲ. ಕೋಣೆಯಲ್ಲಿ ಯಾರಾದರೂ ಇದ್ದಾರಾ? ಬಾಡಿಗೆಗೆ ಕೊಟ್ಟಿದ್ದರೆ ನನಗೆ ಬೇಸರವಿಲ್ಲ, ನಿಜವಾಗಿ. ಕೊಟ್ಟಿದ್ದರೆ ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ಕಿಟಕಿಯಿಂದ ಎರಡು ಮನೆಗಳ ನಡುವೆ ಒಂದು ಚೂರು ಸಮುದ್ರ ಕಾಣುತ್ತಿತ್ತು. ಸರಳಿನ ಮೇಲೆ ಈಗ ಎಷ್ಟು ಕಾಣುತ್ತದೆ?

ತಿತೊ

*

ಇಕಿಕೆ, ಜೂನ್ 20

ತಿತೊ,

ಹಬ್ಬ ಹತ್ತಿರ ಬಂತು, ದೆವ್ವದ ವೇಷದ ಕುಣಿತದವರ ಮೇಲಂಗಿ ಹತ್ತೊಂಬತ್ತು ಬಾಕಿ ಇವೆ, ಮಿಣುಕು ಬಿಲ್ಲೆ ಹೊಲಿದು ಹೊಲಿದು ಬೆರಳೆಲ್ಲ ಗಾಯ. ಈ ಗದ್ದಲದಲ್ಲಿ ನಿನ್ನ ಅನುಮಾನಕ್ಕೆ ಉತ್ತರ ಬರೆಯುತ್ತಾ ಕೂತಿದ್ದೇನೆ.

ನಿನ್ನ ಕೋಣೆಯನ್ನು ಬಾಡಿಗೆಗೆ ಕೊಡುವವಳಲ್ಲ ನಾನು. ಹಸಿದು ಬಿದ್ದರೂ ಕೊಡುವುದಿಲ್ಲ. ಅಲ್ಲಿಗೆ ನನ್ನನ್ನು ಬಿಟ್ಟು ಯಾರೂ ಕಾಲಿಡುವುದಿಲ್ಲ. ಅದರಿಂದ ನಿನ್ನ ಎದೆ ತಣ್ಣಗಾಗಲಿ.

ಆದರೆ ಒಂದು ಮಾತು ಕೇಳುತ್ತೇನೆ. ನಿನ್ನ ಆಟದ ಊರು ನಡೆಸುವ ರೀತಿಯೇ ಇದು? ಬೇಕರಿಗೆ ಹಿಟ್ಟಿಲ್ಲ. ಬೆಸ್ತರ ಹೆಂಗಸರು ಬಾವಿಯಿಂದ ನೀರು ಹೊತ್ತು ತರುತ್ತಾರೆ, ಗವರ್ನರನ ತೋಟದಲ್ಲಿ ಮಾತ್ರ ಕಾರಂಜಿ! ಕಾರಂಜಿ ಕೆಡವಿಸಿ ನಲ್ಲಿ ಹಾಕಿಸಿದೆ. ಬಂದರಿನ ಉತ್ತರದ ಗೋಡೆ ಕುಸಿದಿತ್ತು, ಅದನ್ನೂ ಕಟ್ಟಿಸಿದೆ. ಈಗ ಆ ಜನ ತಿನ್ನುತ್ತಿದ್ದಾರೆ. ಆದರೆ ದೋಣಿಗಳು ದಕ್ಕೆ ಬಿಟ್ಟು ದೀಪಸ್ತಂಭದ ಹತ್ತಿರ ಹೋಗುವಷ್ಟರಲ್ಲಿ ಹಾಳು ಯಂತ್ರ ಆರುತ್ತದೆ. ಪ್ರತಿ ಸಲವೂ. ಇವತ್ತಿನವರೆಗೆ ಒಂದು ದೋಣಿಯೂ ಅದನ್ನು ದಾಟಿಲ್ಲ.

ನೀನು ಕೇಳಿದ್ದಕ್ಕೆ: ಹೌದು, ಸದ್ದು ಜೋರಾಗುತ್ತದೆ, ಹೌದು, ಪೆಟ್ಟಿಗೆ ಬ್ರೆಡ್ಡಿನ ಒಲೆಯಂತೆ ಸುಡುತ್ತದೆ. ಆದ್ದರಿಂದ ಗ್ರಾಫಿಕ್ಸ್ ಕಾರ್ಡೇ ಕೆಟ್ಟಿದೆಯೆಂದು ತೀರ್ಮಾನಿಸಿದ್ದೇನೆ. ಎರಡು ಫ್ಯಾನಿನದು ಹೇಳಿಟ್ಟಿದ್ದೇನೆ, ಬರುವ ತಿಂಗಳು ಬರುತ್ತದೆ.

ನಾನು ಯಂತ್ರ ನೋಡಿಕೊಂಡಿಲ್ಲ ಎಂದು ಮಾತ್ರ ಅನ್ನಬೇಡ. ನೀನು ಅದನ್ನು ಬರಿಮೈಯಲ್ಲಿ ಇಟ್ಟಿದ್ದೆ. ಬೆಳಗಾದರೆ ಸಮುದ್ರದಿಂದ ಮಂಜು ಏರಿ ಬರುತ್ತದೆ, ಉಪ್ಪು ಕಬ್ಬಿಣವನ್ನೇ ತಿನ್ನುತ್ತದೆ, ಆ ತಂತಿಗಳು ಯಾವ ಲೆಕ್ಕ? ನೀನು ಹೋದ ಚಳಿಗಾಲದಲ್ಲೇ ಅದಕ್ಕೊಂದು ಅಂಗಿ ಹೊಲಿದೆ. ದೆವ್ವದ ಮೇಲಂಗಿಯಲ್ಲಿ ಉಳಿದ ಕೆಂಪು ಮಖಮಲ್ಲು, ಒಳಗೆ ಉಣ್ಣೆಯ ಅಸ್ತರಿ, ಮೇಲೆ ಮಿಣುಕಿನಲ್ಲಿ ಒಂದು ನಕ್ಷತ್ರ. ಬೆನ್ನು, ತಲೆ, ಎರಡು ಪಕ್ಕ ಎಲ್ಲ ಮುಚ್ಚುತ್ತದೆ, ಒತ್ತುವ ಗುಂಡಿಗೆ ಮಾತ್ರ ಒಂದು ಕಾಜ ಬಿಟ್ಟಿದ್ದೇನೆ. ಓಡುವಾಗಲೂ ತೆಗೆಯುವುದಿಲ್ಲ. ಅಂಗಡಿಯವನು ಬಂದ ದಿನ ಮಾತ್ರ ತೆಗೆದಿದ್ದೆ. ನನ್ನ ಹೊಲಿಗೆಯನ್ನು ಅವನ ಎಣ್ಣೆಗೈಯಲ್ಲಿ ಮುಟ್ಟಿಸಬೇಕಿತ್ತೇ? ಆ ಅಂಗಿ ನೋಡಿದರೆ ನಿನಗೆ ಗೊತ್ತಾಗುತ್ತದೆ, ಈ ಮನೆಯಲ್ಲಿ ನಿನ್ನ ವಸ್ತುವಿಗೆ ಎಂಥ ಕಾವಲಿದೆ ಎಂದು.

ತಾಯಿ

*

ನಾಲ್ಕನೇ ಬ್ಲಾಕು, ಜುಲೈ 2

ಅಮ್ಮಾ,

ನಿಮ್ಮ ಕಾಗದ ಓದಿ ನಾನು ನಕ್ಕದ್ದಕ್ಕೆ ಪಕ್ಕದ ಮಂಚದ ಮುದುಕ ಎದ್ದು ಕೂತ. "ಏನೋ, ಬಿಟ್ರಾ ನಿನ್ನ?" ಅಂದ. "ಇಲ್ಲ ತಾತಾ, ನಮ್ಮಮ್ಮ ಕಂಪ್ಯೂಟರ್‌ಗೆ ಉಣ್ಣೆ ಅಂಗಿ ಹೊಲಿದಿದಾರೆ" ಅಂದೆ. ಈಗ ಇಡೀ ಬ್ಲಾಕಿಗೆ ಗೊತ್ತು. ಕ್ಷಮಿಸಿ.

ಅಮ್ಮಾ, ಯಾವ ಭಾಗವೂ ಕೆಟ್ಟಿಲ್ಲ. ಪವರ್ ಸಪ್ಲೈ ಕೆಟ್ಟಿರಲಿಲ್ಲ, ಕಾರ್ಡೂ ಕೆಟ್ಟಿಲ್ಲ. ಯಂತ್ರ ಮುಂದಿನಿಂದ ಗಾಳಿ ಎಳೆದುಕೊಂಡು ಬೆನ್ನಿನಿಂದ, ತಲೆಯಿಂದ ಬಿಸಿ ಬಿಡುತ್ತದೆ. ನೀವು ಎಲ್ಲ ಮುಚ್ಚಿದ್ದೀರಿ. ಬಿಸಿ ಒಳಗೇ ಸುತ್ತುತ್ತದೆ, ಸುಟ್ಟುಹೋಗಬಾರದೆಂದು ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಎಷ್ಟು ಒಳ್ಳೆಯ ಭಾಗ ತಂದು ಹಾಕಿದರೂ ಆ ಅಂಗಿಯೊಳಗೆ ಅರ್ಧ ಗಂಟೆಯೇ. ತೆಗೆದುಬಿಡಿ. ಕಾರ್ಡು ಬೇಡ ಎಂದು ಹೇಳಿ.

ಊರು ನಡೆಸುತ್ತಿರುವುದು ನೀವೇ ಎಂದು ಗೊತ್ತಾದಾಗ ಆ ಸಾಲುಗಳನ್ನು ಮತ್ತೆ ಓದಿದೆ. ಗವರ್ನರನ ಕಾರಂಜಿ ಕಟ್ಟಲು ನನಗೆ ಒಂದು ವಾರ ಹಿಡಿದಿತ್ತು. ಪರವಾಗಿಲ್ಲ. ಬೆಳಗಿನ ಗಾಳಿ ನೋಡಿ ದೋಣಿ ಬಿಡಿ, ದಾಟುತ್ತವೆ.

ಇನ್ನೊಂದು ವಿಷಯ. ಏಪ್ರಿಲಿನಲ್ಲಿ ಬರೆಯಬೇಕಿತ್ತು, ಆಗಲಿಲ್ಲ. ನಾನು ಬೇರೆ ವಿಳಾಸ ಕೊಟ್ಟಿದ್ದೇನೆ. ಅರಿಕಾ, ಯಾಸ್ನಾಳ ಮನೆ. ಅವಳು ಸಹಿ ಹಾಕಿದ್ದಾಳೆ, ಅವಳ ಚಿಕ್ಕಪ್ಪನ ದೋಣಿ ರಿಪೇರಿಯ ಶೆಡ್ಡಿನಲ್ಲಿ ನನಗೆ ಕೆಲಸ. ಆದರೆ ಮೊದಲ ವಿಳಾಸ ನಿಮ್ಮ ಹೆಸರಿನಲ್ಲಿದೆ. ನೀವು ಇಲ್ಲಿಗೆ ಬಂದು, ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಹಾಕದಿದ್ದರೆ ಅದನ್ನು ಬದಲಿಸುವುದಿಲ್ಲವಂತೆ. ಆಗಸ್ಟ್ ಮೂವತ್ತರ ವಿಚಾರಣೆಗೆ ಕಾಗದದಲ್ಲಿ ಯಾವ ವಿಳಾಸ ಇರುತ್ತದೋ ಅಲ್ಲಿಗೇ ನನ್ನನ್ನು ಬಿಡುತ್ತಾರೆ, ಶಿಕ್ಷೆಯ ಅವಧಿ ಮುಗಿಯುವವರೆಗೆ ಅಲ್ಲೇ ಇರಬೇಕು.

ನಿಮ್ಮ ಮೇಲೆ ಸಿಟ್ಟಿನಿಂದಲ್ಲ. ಇಲ್ಲಿ ಸಂಜೆ ಬಾಗಿಲು ಹಾಕುವಾಗ ಹೊಸಬರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ನನಗೆ ಮೊದಲ ದಿನವೂ ಏನೂ ಆಗಲಿಲ್ಲ. ಮುದುಕ ಕೇಳಿದ, "ಲೋ ಹುಡುಗ, ಇದಕ್ಕೆ ಮುಂಚೆ ಯಾವ ಜೈಲಲ್ಲಿದ್ದೆ? ಚೆನ್ನಾಗಿ ಪಳಗಿದೀಯ."

ಮನೆಯಲ್ಲಿದ್ದೆ ಅಂದೆ.

ತಿತೊ

*

ಇಕಿಕೆ, ಜುಲೈ 30

ಶ್ರೀ ಎವಾರಿಸ್ತೊ ವೇಯಾಸ್ ಅವರಿಗೆ,

ತಮ್ಮ ಪತ್ರ ತಲುಪಿತು. ಹಬ್ಬದ ಕೆಲಸದಿಂದ ಉತ್ತರ ತಡವಾಯಿತು.

ತಾವು ಕೇಳಿದ ಸಹಿ ಸಿಗುವುದಿಲ್ಲ. ತಮ್ಮ ಮನೆ ಇದು. ಜೈಲು ಯಾವುದು ಮನೆ ಯಾವುದು ಎಂದು ತಿಳಿಯದವರಿಗೆ ತಿಳಿಯುವವರೆಗೆ ಕಾಯುವಷ್ಟು ತಾಳ್ಮೆ ನನಗಿದೆ.

ಕಾರ್ಡು ಬಂದಿದೆ. ಹಾಕಿಸುತ್ತೇನೆ. ಅಂಗಿ ಇದ್ದಲ್ಲೇ ಇರುತ್ತದೆ. ನಾನು ಐವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ನನ್ನ ಬಟ್ಟೆಯಲ್ಲಿ ಉಸಿರು ಕಟ್ಟಿತೆಂದು ಇದುವರೆಗೆ ಯಾರೂ ದೂರಿಲ್ಲ.

ಚುಂಬೇಕೆ ಈ ಸಲ ಇಲ್ಲ.

ಎರ್ಮೆಲಿಂದಾ ಒಸ್ಸಾಂದೊನ್, ವೇಯಾಸನ ವಿಧವೆ

*

ನಾಲ್ಕನೇ ಬ್ಲಾಕು, ಆಗಸ್ಟ್ 13

ಅಮ್ಮಾ,

ಸಹಿಯ ಮಾತು ಇನ್ನು ಎತ್ತುವುದಿಲ್ಲ. ಅದೇ ವಿಳಾಸವಾದರೆ ಅದೇ ವಿಳಾಸ. ಬರುತ್ತೇನೆ, ಕೋಣೆಯಲ್ಲಿ ಇರುತ್ತೇನೆ. ನನಗೆ ಗೊತ್ತಿರುವ ಕೆಲಸವೇ ಅದು.

ಯಂತ್ರ ನೀವು ಇಟ್ಟುಕೊಳ್ಳಿ, ನಾನು ಬಂದ ಮೇಲೂ ನಿಮ್ಮದೇ. ನನಗೆ ಅದರ ಮುಂದೆ ಕೂರುವ ಆಸೆ ಹೋಗಿದೆ. ಆದರೆ ನಿಮ್ಮ ಜನ ಅಲ್ಲಿದ್ದಾರೆ, ನಲ್ಲಿ ಹಾಕಿಸಿದ್ದೀರಿ, ಅವರನ್ನು ಅರ್ಧದಲ್ಲಿ ಬಿಡಬೇಡಿ. ಒಂದೇ ಒಂದು ಸಲ, ಒಂದು ಸಂಜೆ ಮಾತ್ರ, ಅಂಗಿ ತೆಗೆದು ಹಚ್ಚಿ ನೋಡಿ. ಗೆದ್ದದ್ದು ನಾನು ಎಂದು ಅನ್ನುವುದಿಲ್ಲ. ನಾನು ಇಲ್ಲಿದ್ದೇನಲ್ಲ, ನೀವು ತೆಗೆದದ್ದೂ ನನಗೆ ಕಾಣುವುದಿಲ್ಲ.

ದೋಣಿ ದೀಪಸ್ತಂಭ ದಾಟಿದ ಮೇಲೆ ಹತ್ತಿರದಿಂದ ನೋಡಿ. ಮೌಸಿನ ಚಕ್ರದ ಗುಂಡಿ ತಿರುಗಿಸಿದರೆ ದೊಡ್ಡದಾಗುತ್ತದೆ.

ತಿತೊ

*

ಇಕಿಕೆ, ಆಗಸ್ಟ್ 26

ತಿತೊ,

ಸುತ್ತಿಬಳಸಿ ಬರೆಯುವ ಅಭ್ಯಾಸ ನನಗಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶನಿವಾರ ಆ ಅಂಗಿಯನ್ನು ತೆಗೆದೆ. ನೀನು ಹೇಳಿದೆಯೆಂದಲ್ಲ, ಒಗೆಯಬೇಕಿತ್ತು. ಒಣಗಲು ಹಾಕಿ ಬಂದು ಯಂತ್ರ ಹಚ್ಚಿದೆ. ಅರ್ಧ ಗಂಟೆಯಾಯಿತು, ಆರಲಿಲ್ಲ. ಒಂದು ಗಂಟೆಯಾಯಿತು. ಒಲೆಯ ಮೇಲೆ ಸೂಪು ತಳ ಹಿಡಿಯಿತು, ಏಳಲಿಲ್ಲ. ಹಳೆಯ ಕಾರ್ಡೇ, ಹೊಸದನ್ನು ಡಬ್ಬಿಯಿಂದ ತೆಗೆದೂ ಇರಲಿಲ್ಲ. ಬೆಳಗಿನ ಗಾಳಿ ನೋಡಿ ದೋಣಿ ಬಿಟ್ಟೆ. ಮುಂದಿನದು ದೀಪಸ್ತಂಭ ದಾಟಿತು. ಅದರ ಹಿಂದೆ ಉಳಿದವು.

ನೀನು ಬರೆದಂತೆ ಗುಂಡಿ ತಿರುಗಿಸಿ ಹತ್ತಿರದಿಂದ ನೋಡಿದೆ. ಹಳದಿ ದೋಣಿ, ಅಂಚಿಗೆ ಹಸಿರು. ಮೂತಿಯ ಮೇಲೆ 'ರಿಗೊಬೆರ್ತೊ' ಎಂದು ಬರೆದಿದೆ. ಹಿಂದಿನದರ ಮೇಲೂ ಅದೇ ಹೆಸರು. ಎಲ್ಲದರ ಮೇಲೂ. ಎಷ್ಟು ದೋಣಿಗಳಿವೆಯೋ ಅಷ್ಟೂ ನಿನ್ನಪ್ಪನವೇ, ಎಲ್ಲವೂ ಹೋಗಿ ಮೀನು ತುಂಬಿಕೊಂಡು ತಿರುಗಿ ಬಂದವು. ಸಮುದ್ರಕ್ಕೆ ಹೋಗಬಾರದೆಂದು ನಾನು ತಂದುಕೊಟ್ಟ ಪೆಟ್ಟಿಗೆಯೊಳಗೆ ನೀನು ಹತ್ತು ವರ್ಷವೂ ಸಮುದ್ರದಲ್ಲೇ ಇದ್ದೆ. ನಾನು ಬಾಗಿಲಾಚೆ ತಟ್ಟೆ ಹಿಡಿದು ನಿಂತಿದ್ದೆ.

ಎದ್ದು ಕಿಟಕಿಗೆ ಹೋದೆ. ನೀನು ಮೇ ತಿಂಗಳಲ್ಲಿ ಕೇಳಿದ್ದೆ, ಎಷ್ಟು ಕಾಣುತ್ತದೆ ಎಂದು. ಆಗ ಉತ್ತರ ಬರೆಯಲಿಲ್ಲ, ಯಾಕೆಂದರೆ ನಾನು ನೋಡಿಯೇ ಇರಲಿಲ್ಲ. ಈಗ ಹೇಳುತ್ತೇನೆ, ಏನೂ ಕಾಣುವುದಿಲ್ಲ.

ಸೋಮವಾರ ಕಪ್ಪು ಕೋಟು ಹಾಕಿಕೊಂಡು ನೊಲ್ಫಾಳ ಬಾಗಿಲು ತಟ್ಟಿದೆ. "ಯಾರು ಸತ್ರು ಅಕ್ಕಾ?" ಅಂದಳು.

"ಯಾರೂ ಇಲ್ಲ. ಮೇಲಕ್ಕೆ ಯಾವ ವ್ಯಾನು ಹೋಗುತ್ತೆ, ಅದು ಹೇಳು."

"ನೀವಾ? ಮೇಲಕ್ಕಾ? ತಡೀರಿ, ಚಪ್ಪಲಿ ಹಾಕ್ಕೊಂಡ್ ಬರ್ತೀನಿ. ಇದನ್ನ ನೋಡ್ದೆ ಬಿಡೋದುಂಟಾ!"

ವ್ಯಾನಿನಲ್ಲಿ ಪ್ರೊಸ್ಪೆರಿನಾ ಕೂತಿದ್ದಳು, ಮೇಲಿನ ಸಂತೆಗೆ ಹೊರಟವಳು. ಅವಳ ಕಣ್ಣು ನೊಲ್ಫಾಳ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ಹೋಯಿತು. "ಏನ್ ದೊನ್ಯಾ ಎರ್ಮೆಲಿಂದಾ, ಮೇಲೆ ಯಾರಿದ್ದಾರೆ ನಿಮಗೆ? ಮಗನ ಹಡಗು ಬಂತಾ?"

"ಹಡಗೂ ಇಲ್ಲ, ದೋಣಿಯೂ ಇಲ್ಲ. ತಿತೊ ಜೈಲಲ್ಲಿದಾನೆ. ಇನ್ನೇನ್ ಕೇಳೋದಿದ್ರೂ ಇಳಿಯೋದ್ರೊಳಗೆ ಕೇಳಿ ಮುಗಿಸಿ, ನಾಳೆಯಿಂದ ನಂಗೆ ಹೊಲಿಗೆ ಇದೆ."

ಚಾಲಕ ರೇಡಿಯೋ ಸದ್ದು ಕಡಿಮೆ ಮಾಡಿದ. ಕೊನೆಗೆ ಪ್ರೊಸ್ಪೆರಿನಾ ಅಂದಳು, "ನಮ್ಮ ಅಣ್ಣನ ಮಗನೂ ಅಲ್ಲೇ ಇದಾನೆ ದೊನ್ಯಾ. ಎರಡು ವರ್ಷ ಆಯ್ತು. ಎಲ್ಲರಿಗೂ ಗಣಿ ಕೆಲಸ ಅಂತ ಹೇಳಿದೀನಿ." ಎದುರುಬದುರು ಮನೆ, ಇಬ್ಬರೂ ಪರದೆ ಎಳೆದುಕೊಂಡು ಕೂತಿದ್ದೆವು.

ಬಾಗಿಲಲ್ಲಿ ಕಾವಲಿನ ಹೆಂಗಸು ನನ್ನನ್ನು ನೋಡಿ ಕೆಂಪಾದಳು. ಈ ಸಲದ ಹಬ್ಬಕ್ಕೆ ಅವಳು ಹಾಕಿಕೊಂಡ ಮೇಲಂಗಿ ನನ್ನದೇ. "ದೊನ್ಯಾ ಎರ್ಮೆಲಿಂದಾ, ಕ್ಷಮಿಸಿ... ತಲೆ ಪಿನ್ನೂ ತೆಗೀಬೇಕು. ನಿಯಮ."

"ನಿನ್ನ ಸೊಂಟ ಅಳೆಯುವಾಗ ನಾನು ಕ್ಷಮೆ ಕೇಳಿದ್ನಾ? ನಿನ್ನ ಕೆಲಸ ನೀನು ಮಾಡು."

ಮಾಡಿದಳು. ಅವಳು ತಲೆ ಎತ್ತಲಿಲ್ಲ, ನಾನು ತಗ್ಗಿಸಲಿಲ್ಲ. ಭೇಟಿಯ ದಿನವಲ್ಲದ್ದರಿಂದ ನಿನ್ನನ್ನು ನೋಡಲು ಕೇಳಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ನನಗೆ ಆಗದು. ಕಚೇರಿಯವನು ಕಾಗದ ಮುಂದಿಟ್ಟು "ಯೋಚನೆ ಮಾಡಿದೀರಾ ಸೆನ್ಯೋರಾ?" ಅಂದ. "ನಾನು ಯೋಚನೆ ಮಾಡ್ದೆ ಗುಡ್ಡ ಹತ್ತೋಳಲ್ಲ" ಅಂದೆ.

ಈಗ ಯಂತ್ರದ ವಿಷಯ, ನೀನು ಕೇಳದಿದ್ದರೂ ಹೇಳುತ್ತೇನೆ. ಕಾರ್ಡನ್ನು ನೀಲಿ ಉಗುರಿನವಳಿಗೆ ಹಿಂದಿರುಗಿಸಿ ಬದಲಿಗೆ ಎಸ್‌ಎಸ್‌ಡಿ ತಂದು ಹಾಕಿಸಿದೆ. ನೀನು ಮೊದಲ ಕಾಗದದಲ್ಲೇ ಹೇಳಿದ್ದು ಅದನ್ನು, ನಿಜ. ಬೇರೇನೂ ಬದಲಿಸಿಲ್ಲ. ಪೆಟ್ಟಿಗೆಯನ್ನು ಮುಂದಿನ ಕೋಣೆಗೆ, ಬೀದಿಯ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಮಧ್ಯಾಹ್ನ ಪ್ರೊಸ್ಪೆರಿನಾ ಬಂದು ಪಕ್ಕದಲ್ಲಿ ಕೂರುತ್ತಾಳೆ, ದಕ್ಕೆ ಅಗಲ ಮಾಡಿ ಎಂದು ಬುದ್ಧಿ ಹೇಳುತ್ತಾಳೆ. ಕೇಳುವುದಿಲ್ಲ. ಮಖಮಲ್ಲಿನ ಅಂಗಿಯನ್ನು ಕತ್ತರಿಸಿ ಹೊಲಿಗೆ ಯಂತ್ರಕ್ಕೆ ಹೊಂದಿಸಿದೆ. ಅದಕ್ಕೆ ಉಸಿರಾಟವಿಲ್ಲ.

ಯಾಸ್ನಾ ನನಗೆ ಕಾಗದ ಬರೆಯಬಹುದು. ಅಕ್ಷರ ಚೆನ್ನಾಗಿರಲಿ. ಆ ಮಗುವಿನ ಎತ್ತರ, ಎದೆ, ಸೊಂಟದ ಅಳತೆ ಬರೆದು ಕಳಿಸಲಿ, ಅಂದಾಜಿನ ಮೇಲೆ ನಾನು ಹೊಲಿಯುವುದಿಲ್ಲ.

ನೀನು ಬರುವುದಾದರೆ ಭಾನುವಾರ ಊಟಕ್ಕೆ ಬಾ. ಬಾಗಿಲು ತಟ್ಟಿ ಬಾ, ಊಟಕ್ಕೆ ಬರುವವರು ಹಾಗೇ ಬರುತ್ತಾರೆ. ಇಲ್ಲಿ ಮಲಗಲು ಜಾಗವಿಲ್ಲ. ಕಾಗದದ ಮೇಲೆ ನಿನ್ನ ವಿಳಾಸ ಈಗ ಅರಿಕಾ. ಬೆಸುಗೆಯವನು ಮಂಗಳವಾರ ಬಂದು ಆ ಕೋಣೆಯ ಸರಳುಗಳನ್ನೆಲ್ಲ ಕತ್ತರಿಸಿ ಒಯ್ದ. ನಿನ್ನ ಮಂಚ, ಹಾಸಿಗೆ, ಎರಡು ಕಂಬಳಿ ನಿನ್ನೆ ಬೆಳಿಗ್ಗೆ ಉತ್ತರಕ್ಕೆ ಹೋಗುವ ಲಾರಿ ಹತ್ತಿದವು. ಹಗ್ಗ ನಾನೇ ಬಿಗಿದೆ.

ನಿನ್ನ ತಾಯಿ